ಕಲಮು ಕೆತ್ತುವ ಚಾಕು

ನಿಜಾಮನ ಆಳ್ವಿಕೆಯ ಆ ದಿನಗಳಲ್ಲಿ ಅಫಜಲಪುರದ ನಮ್ಮ ಸಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ; ಆಟ, ಜಗಳ, ಅಳು ಮಾತ್ರ ಕನ್ನಡದಲ್ಲಿ. ಜೇಡಿಮಣ್ಣು ಸವರಿದ ಹಲಗೆಯ ಮೇಲೆ ಜೊಂಡಿನ ಕಲಮಿನಿಂದ ಬರೆಯುತ್ತಿದ್ದೆವು. ಆ ಹಸಿ ಮಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ. ಶುಕ್ರವಾರ ಸೂಟಿ. ಶನಿವಾರ ಬೆಳಿಗ್ಗೆ ನಮಗೆ ಕಲಿಸುತ್ತಿದ್ದ ಮೌಲ್ವಿ, ನಮ್ಮ ಉಸ್ತಾದರು, ಎಲ್ಲರ ಕಲಮುಗಳನ್ನೂ ತಾವೇ ಕೆತ್ತಿಕೊಡುತ್ತಿದ್ದರು. ಅದಕ್ಕೆಂದೇ ಒಂದು ಸಣ್ಣ ಚಾಕು, ತೀರಿಹೋದ ಅವರ ತಂದೆಯದು. ಅದನ್ನು ಜೋಪಾನ ಮಾಡುವ ಕೆಲಸ ನನಗೆ ಕೊಟ್ಟಿದ್ದರು. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ.

ಒಂದು ಗುರುವಾರ ಗೆಳೆಯ ಶರಣ್ಯಾ ಹುರಿದ ಶೇಂಗಾ ತಂದ, ನಾನು ಮನೆಯಿಂದ ಬೆಲ್ಲದ ಪೆಂಟಿ ಹಾರಿಸಿಕೊಂಡು ಬಂದೆ. ಬೆಲ್ಲ ಒಡೆಯಲಿಲ್ಲ. ಚಾಕುವಿನ ಮೊನೆ ತೂರಿಸಿ ಮೀಟಿದೆ. ಟಣ್ ಎಂದು ಅಲಗು ಎರಡು ತುಂಡಾಯಿತು. ಉಸ್ತಾದರು ಹೊಡೆಯುವವರಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅವರು ಯಾರನ್ನೂ ಹೊಡೆದವರಲ್ಲ. ನನ್ನನ್ನು ನಂಬಿದ್ದರು.

ಅಜ್ಜಿಯ ಮುಂದೆ ಕೂತು ಅತ್ತುಬಿಟ್ಟೆ. "ಲೇ ಹುಚ್ಚಾ, ಅತ್ರ ಕಬ್ಬಿಣ ಕೂಡ್ತದೇನು?" ಎಂದವಳು ಮರುದಿನ ನನ್ನನ್ನು ಊರ ಹೊರಗಿನ ಹೊಸ ಕುಲುಮೆಗೆ ಕರೆದುಕೊಂಡು ಹೋದಳು. ನಮ್ಮ ಮನೆಗೆ ತಲೆಮಾರುಗಳಿಂದ ಕೆಲಸ ಮಾಡುವ ಕಮ್ಮಾರನಿದ್ದ. ಆದರೆ ಅವನ ಬಾಯಿ ಅವನ ತಿದಿಗಿಂತ ಜೋರು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಈ ಹೊಸಬ ಮೋನಪ್ಪ ಚೌಡಾಪುರದ ಕಡೆಯವನು. ಮೀಸೆ ಈಗಷ್ಟೇ ಮೂಡಿದ್ದ ಅವನಿಗೆ ಯಾರೂ ಕುಡುಗೋಲು ಸಹ ಕೊಡುತ್ತಿರಲಿಲ್ಲ.

"ಇದಕ್ಕ ಬೆಸುಗಿ ಹಾಕಪಾ," ಎಂದಳು ಅಜ್ಜಿ.

"ಹಾಕಿದ್ರ ಹಿಡಿತದ್ರೀ ಆಯಿ, ಕಡಿಯಂಗಿಲ್ಲ. ಇದು ಏನ್ ಕಡಿಯೋ ಚಾಕು?"

ಕಲಮು ಎಂದೆ. ಅವನು ಸಾಲೆಯ ಮೆಟ್ಟಿಲು ಹತ್ತಿದವನಲ್ಲ. ನನ್ನನ್ನು ಓಡಿಸಿ ಕಲಮು, ಹಲಗೆ ತರಿಸಿದ. "ಬರಿ, ನೋಡ್ತೇನಿ," ಎಂದ. ನಾನು ಬರೆದೆ. ತುದಿಯ ಓರೆ ಎಲ್ಲಿ ಹಲಗೆಗೆ ತಾಗುತ್ತದೆಂದು ಬಗ್ಗಿ ನೋಡಿದ. ಆಮೇಲೆ ಕಬ್ಬಿಣ ಉಜ್ಜುವ ಸವೆದ ಅರವೊಂದನ್ನು ಬೆಂಕಿಗಿಟ್ಟ. ಬಡಿದ, ನೀರಿಗದ್ದಿದ, ಕಲ್ಲಿಗೆ ಮಸೆದ. ಜೊಂಡಿನ ಕಡ್ಡಿ ಕತ್ತರಿಸಿ ನೋಡಿದ, ಅದು ಸೀಳಿತು. ಮತ್ತೆ ಮಸೆದ. ಐದನೆಯ ಸಲ ಕಡ್ಡಿ ಬೆಣ್ಣೆಯಂತೆ ಕತ್ತರಿಸಿಹೋಯಿತು. ಜಾಲಿ ಕಟ್ಟಿಗೆಯ ಹಿಡಿ ಹಾಕಿ ಕೊಟ್ಟ. ಅಜ್ಜಿ ಅವನ ಮುಖವನ್ನೇ ನೋಡುತ್ತ, "ಇವ ಕಮ್ಮಾರ ಅಲ್ಲ ಬಿಡು, ಚಿತ್ತಾರ ಬರಿಯಾವ," ಎಂದಳು.

ಶನಿವಾರ ಆ ಚಾಕುವನ್ನು ಉಸ್ತಾದರ ಮುಂದಿಟ್ಟೆ. ಒಂದು ಕಲಮು ಕೆತ್ತಿದರು. ಇನ್ನೊಂದು ಕೆತ್ತಿದರು. ನನಗೆ ತಡೆಯಲಾಗಲಿಲ್ಲ, ಬೆಲ್ಲ ಕದ್ದದ್ದರಿಂದ ಹಿಡಿದು ಎಲ್ಲವನ್ನೂ ಬಿಕ್ಕುತ್ತಲೇ ಒದರಿದೆ. ಎರಡು ತುಂಡುಗಳನ್ನೂ ಅವರ ಕೈಗೆ ಕೊಟ್ಟೆ.

ಅವರು ಅವನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ ಕೇಳಿದರು:

"ಬೆಲ್ಲ ಛಲೋ ಇತ್ತೇನು ಬೇಟಾ?"

ಮೂಗು ಒರೆಸಿಕೊಳ್ಳುತ್ತ ಹೂಂ ಎಂದೆ.

"ಅಬ್ಬಾನ ಚಾಕು ಮೊಂಡಾಗಿ ಭಾಳ ದಿನ ಆಗಿತ್ತು. ಬಿಡಾಕ ನನಗ ಮನಸ್ಸಿರಲಿಲ್ಲ. ನಿಮ್ಮ ಅಕ್ಷರ ಸೊಟ್ಟ ಅಂತ ನಿಮಗೇ ಬೈತಿದ್ದೆ. ಇದನ್ನ ಮಾಡಿದವ ಯಾರು? ನಡಿ, ತೋರಸು."

ಹೋದ ಜೀವ ಬಂದಂತಾಯಿತು. ಸಾಲೆಯೆಲ್ಲ ಅವರ ಹಿಂದೆ ಮೋನಪ್ಪನ ಕುಲುಮೆಗೆ ನಡೆಯಿತು. ಮೌಲ್ವಿ ಸಾಹೇಬರೇ ಹೋದರೆಂದ ಮೇಲೆ ಊರೂ ತನ್ನ ಕುಡುಗೋಲು ಹಿಡಿದು ಅಲ್ಲಿಗೆ ಹೋಯಿತು.

ಈಗ ಜೊಂಡಿನ ಕಲಮೂ ಇಲ್ಲ, ನನಗೆ ಉರ್ದುವೂ ಮರೆತಿದೆ. ಅದಕ್ಕೆ ಅಷ್ಟು ಕೊರಗಿಲ್ಲ. ಆಮೇಲೆಯೂ ಎಷ್ಟೋ ತಪ್ಪು ಮಾಡಿದೆ. ಹೇಳಿ ಹಗುರಾಗುವಂಥ ಹಿರಿಯರು ಒಬ್ಬೊಬ್ಬರೇ ಹೋಗಿಬಿಟ್ಟರು. ಈಗ ಊರಿಗೆ ನಾನೇ ಹಿರಿಯ. ತಪ್ಪು ಮಾಡಿದರೆ ಯಾರ ಮುಂದೆ ಹೋಗಿ ಅಳಲಿ?