ಅಪ್ಪ ಮಾಡಿದ ಹೆಣದ ಪಾರ್ಟು

ಯುದ್ಧಕಾಲದ ಒಬ್ಬ ದೊಡ್ಡ ನಾಯಕನ ಸಿನಿಮಾ ತೆಗೆಯುವವರು ಕೊಳಕೂರಿನ ಹತ್ತಿರ ತೊಗರಿ ಕೊಯ್ದು ಖಾಲಿಯಾಗಿದ್ದ ಹೊಲಗಳನ್ನು ರಣರಂಗ ಮಾಡಿಕೊಂಡಿದ್ದರು. ನೋಡಲು ಹೋದ ನಮ್ಮಪ್ಪನನ್ನು ಹಿಡಿದು ಹೆಣ ಮಾಡಿದರು. ನೆಲೋಗಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು, ಬಾಯಿಗೆ ಬಿಡುವೇ ಕೊಡದ ಮನುಷ್ಯನಿಗೆ ಮಾತಿಲ್ಲದ ಪಾರ್ಟು! ಸಂಜೆ ಮೈತುಂಬ ಕೆಂಪು ಬಣ್ಣದೊಂದಿಗೇ ಮನೆಗೆ ಬಂದ.

“ಹೆಣ ಆಗೂದು ಸಸಾರ ಅಂತ ತಿಳ್ಕೊಂಡಿ ಏನು? ಮೂಗಿನ ಮ್ಯಾಲೆ ನೊಣ ಕುಂತ್ರೂ ಅಲ್ಲಾಡಬಾರ್ದು,” ಎಂದು ಅವ್ವನೆದುರು ಜಂಬ ಕೊಚ್ಚಿಕೊಂಡ.

ಅವ್ವ ನಗಲಿಲ್ಲ. “ಆಟಕ್ಕೂ ಸಾಯಬಾರ್ದ್ರಿ. ಮೊದ್ಲು ಜಳಕಾ ಮಾಡ್ರಿ,” ಎಂದಳು.

ಆ ಸಿನಿಮಾ ಬರುವುದರೊಳಗೆ ಅಪ್ಪ ನಿಜವಾಗಿಯೇ ಹೋದ. ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡನಂತೆ. ಅವ್ವ ಡಾಕ್ಟರ ಮಾತು ನಂಬಲೇ ಇಲ್ಲ. ಸುಳ್ಳು ಸಾವು ಆಡಿ ನಿಜದ ಸಾವನ್ನು ಮನೆಗೆ ಕರೆದುಕೊಂಡು ಬಂದ ಎಂಬ ಸಿಟ್ಟು ಅವಳಿಗೆ. ಆ ಸಿಟ್ಟಿನಲ್ಲಿ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅಳದೆ ಕೂತ ಅವ್ವನನ್ನು ಕಂಡರೆ ನನಗೆ ಭಯವಾಗುತ್ತಿತ್ತು.

ಸಿನಿಮಾ ಕಲಬುರಗಿಗೆ ಬಂದಾಗ ನಾನು ಬಾಯಿ ಬಿಡಲಿಲ್ಲ. ಊರಿನವರು ಬಿಡಬೇಕಲ್ಲ! “ನಿಮ್ಮ ಯಜಮಾನ್ರು ಕಾಣ್ತಾರಂತ್ರಿ,” ಎಂದು ಯಾರೋ ಬಂದು ಹೇಳಿದರು. ಅವ್ವ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಳು. ಗಂಡನ ಹೆಣವನ್ನು ಎರಡನೇ ಸಲ ನೋಡಿ ಈಕೆ ಏನಾಗುತ್ತಾಳೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಚಿಂತೆ.

ಸಿನಿಮಾ ಮಾತ್ರ ದೇವರಿಗೇ ಪ್ರೀತಿ. ನಾಯಕನದು ನಿಂತಲ್ಲಿ ಭಾಷಣ, ಕೂತಲ್ಲಿ ಭಾಷಣ. ಕೊನೆಗೆ ಹೊಲದ ದೃಶ್ಯ ಬಂತು. ಹೆಣಗಳ ನಡುವೆ ನಿಂತು ಅವನು ಮತ್ತೆ ಶುರು ಮಾಡಿದ. ಅವನ ಕಾಲ ಬುಡದಲ್ಲೇ, ಒಂದು ಮಗ್ಗುಲಿಗೆ ಮೊಣಕಾಲು ಮಡಚಿಕೊಂಡು, ನಮ್ಮಪ್ಪ ಬಿದ್ದಿದ್ದ.

ನಾನು ಅವ್ವನ ಕೈ ಹಿಡಿದುಕೊಂಡೆ.

“ಸತ್ತಿಲ್ಲ. ಮಲ್ಕೊಂಡಾರ,” ಎಂದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆತುಂಬ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಕೂಡಿಸಿಯೇ ಮಣ್ಣು ಕೊಡುತ್ತೇವೆ. ಅಪ್ಪನನ್ನೂ ಹಾಗೆಯೇ ಕೂಡಿಸಿದ್ದೆವು. ವಾಲುತ್ತಿದ್ದ ಅವನ ತಲೆಯನ್ನು ಹಿಡಿದುಕೊಂಡವಳು ನಾನೇ. ಎದುರಿಗೆ ಕೂತ ಅವ್ವ ಆ ಮುಖವನ್ನು ದಿಟ್ಟಿಸಿ ನೋಡಿದ್ದಳು. ಪರದೆಯ ಮೇಲಿದ್ದುದು ಆ ಮುಖವಲ್ಲ. ಮಧ್ಯಾಹ್ನ ಉಂಡು, ಅಂಗಡಿಯ ಚೀಲಗಳ ಪಕ್ಕ ಅವನು ಮಲಗುತ್ತಿದ್ದುದು ಹೀಗೆಯೇ. ಉಸಿರು ಹಿಡಿಯಲು ಕೂಡ ಅವನಿಗೆ ಬಂದಿರಲಿಲ್ಲ. ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

ನಾಯಕ ದನಿ ಏರಿಸಿದ. ಅವ್ವ ಸಿಡುಕಿದಳು.

“ಅವಂಗ ಸುಮ್ನಿರು ಅಂತ ಹೇಳು ಬೇ. ಇವರಿಗೆ ಎಚ್ಚರಾಗ್ತದ.”

ಹೇಳುತ್ತಿದ್ದಂತೆಯೇ ಅವಳು ಅಷ್ಟು ದಿನ ತಡೆದಿದ್ದ ಅಳು ಒಮ್ಮೆಲೇ ಬಂತು, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು. ನನಗೂ ತಡೆಯಲಾಗಲಿಲ್ಲ.

“ಆಗ್ಲಿ ಬಿಡು ಬೇ ಯವ್ವಾ,” ಎಂದೆ. “ಎಚ್ಚರಾಗ್ಲಿ.”