ಟೇಪಿನ ಆ ತುದಿ

ದೆವ್ವ, ಗಾಳಿ, ಶಕ್ತಿ ಅಂತ ಯಾರಾದರೂ ಮಾತೆತ್ತಿದರೆ ಮುಖ ಮೂತಿ ನೋಡದೆ ಬೈದುಬಿಡುತ್ತಿದ್ದವನು ನಾನು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಹೊಸಪೇಟೆಯಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂದು ನಂಬಿ ಬದುಕಿದವನಿಗೆ ಆದ ಅನುಭವ ಇದು. ನಂಬಿ ಎಂದು ನಿಮಗೆ ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದಿನ ಮಾತು. ಸಂಡೂರಿನ ಗಣಿ ಕಂಪನಿಯೊಂದರ ನೌಕರಿ ಬಿಟ್ಟು ಜಾಗ ಅಳೆದು ನಕ್ಷೆ ಮಾಡಿಕೊಡುವ ಸ್ವಂತ ಕಚೇರಿ ತೆರೆದಿದ್ದೆ. ಕಂಪ್ಲಿ ಕಡೆಯ ಒಂದು ಊರಿನಲ್ಲಿ (ಹೆಸರು ಬೇಡ) ಪುರಸಭೆಗೆ ಹೊಸ ಕಟ್ಟಡ ಏಳುತ್ತಿತ್ತು. ಅದರ ಸುತ್ತಲಿನ ಜಾಗದ ನಕ್ಷೆ ನನ್ನ ಪಾಲಿಗೆ ಬಂತು: ಗೇಟು ಎಲ್ಲಿ, ಧ್ವಜಕಟ್ಟೆ ಎಲ್ಲಿ, ಗಾಡಿ ನಿಲ್ಲಿಸುವುದೆಲ್ಲಿ, ಹುಲ್ಲು ಎಷ್ಟು, ಹೊಂಗೆ ಗಿಡ ಎಷ್ಟು, ಕಾಂಪೌಂಡು ಯಾವ ಗೆರೆಯಲ್ಲಿ. ನನ್ನ ಹೆಸರಿನಲ್ಲಿ ಬಂದ ಮೊದಲ ಸರ್ಕಾರಿ ಕೆಲಸ. ಒಂದು ವಾರ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಮಲಗಿದರೆ ಕಣ್ಣ ಮುಂದೆ ಗೆರೆಗಳೇ ಓಡಾಡುತ್ತಿದ್ದವು.

ಜಾಗದ ಹಿಂಬದಿಗೆ ಗಂಗಮ್ಮ ಎಂಬವರ ಮನೆ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುವ ಹೆಂಗಸು. ಅವರ ಹಕ್ಕುಪತ್ರದ ಪ್ರಕಾರ ಓಣಿಯ ಕಲ್ಲಿನಿಂದ ಮೂವತ್ತು ಅಡಿ ಅವರದು, ಅದರಾಚೆ ಪುರಸಭೆಯದು. ಅವತ್ತು ಬೆಳಿಗ್ಗೆ ಅಳೆದೆವು. ಅಡುಗೆಮನೆಯ ಹಿಂದಿನ ಗೋಡೆ ಮೂವತ್ತೆರಡಕ್ಕೆ ಬಂತು. ಅಂದರೆ ಎರಡು ಅಡಿ ಒತ್ತುವರಿ. ಮೂವತ್ತರ ಗುರುತಿಗೆ ನಾನೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಅದು ಅವರ ಒಲೆಯ ಮೇಲೇ ಹಾದುಹೋಗುತ್ತಿತ್ತು. ಮರುದಿನ ಗೋಡೆ ಕೆಡವಲು ಜೆಸಿಬಿ ಬರುವುದಿತ್ತು.

ಗಂಗಮ್ಮ ಕೂಗಾಡಲಿಲ್ಲ. "ಇದು ನಮ್ಮತ್ತಿ ಕಟ್ಟಿಸಿದ ಗ್ವಾಡಿರಿ. ಆಕಿ ಒಂದಡಿ ಸೈತ ಯಾರದೂ ಒತ್ತಿದಾಕಿ ಅಲ್ಲ. ಇನ್ನೊಂದ್ಸಲ ಅಳದು ನೋಡ್ರಪ್ಪಾ," ಎಂದರು.

"ಎಷ್ಟು ಸಲ ಅಳದ್ರೂ ಟೇಪು ಸುಳ್ಳು ಹೇಳಲ್ಲಮ್ಮಾ," ಎಂದು ರೇಗಿ ಬಂದೆ. ಆದರೆ ಮನಸ್ಸು ನಿಲ್ಲಲಿಲ್ಲ. ಮಣ್ಣಿನ ಗುಡ್ಡೆಯ ಸುತ್ತ ನಾಲ್ಕು ಸಲ ತಿರುಗಿದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುವ ಹಾಳು ತಳಮಳ. ಕೊನೆಗೆ ಅವರ ಬಾಯಿ ಮುಚ್ಚಿಸಿಯೇ ಬಿಡೋಣ ಎಂದು ಮಟಮಟ ಮಧ್ಯಾಹ್ನ ಮತ್ತೆ ಟೇಪಿನ ಡಬ್ಬಿ ಕೈಗೆತ್ತಿಕೊಂಡೆ.

ಟೇಪು ಬೆಳಿಗ್ಗೆ ಹಾಸಿದ ಹಾಗೇ ಬಿದ್ದಿತ್ತು. ಅದರ ಉಂಗುರದ ತುದಿ ಓಣಿಯ ಕಲ್ಲಿನ ಹತ್ತಿರ, ನಡುವೆ ಆಳೆತ್ತರದ ಜಾಲಿ ಕಂಟಿ. ಆಚೆಯವರು ಈಚೆಗೆ ಕಾಣುವುದಿಲ್ಲ. ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಈ ತುದಿಯವನು ಅಂಕಿ ಕೂಗಿದರೆ ಆ ತುದಿಯವನು ಅದನ್ನೇ ತಿರುಗಿ ಕೂಗಬೇಕು, ತಪ್ಪಾಗಬಾರದೆಂದು. ಆ ತುದಿ ಹಿಡಿಯುತ್ತಿದ್ದವನು ಈ ಕೆಲಸಕ್ಕೆಂದು ಆ ಊರಲ್ಲೇ ಗೊತ್ತು ಮಾಡಿಕೊಂಡ ಆಳು ಹುಲುಗಪ್ಪ. ಟೇಪೂ ಅವನದೇ.

"ಹಿಡಿಯಪ್ಪಾ!" ಎಂದು ಕೂಗಿದೆ. ಟೇಪು ಬಿಗಿಯಾಯಿತು. ಗೋಡೆಗೆ ಹಚ್ಚಿ ನೋಡಿ, "ಮೂವತ್ತೆರಡು!" ಎಂದೆ.

"ಮೂವತ್ತು!" ಎಂದು ಕಂಟಿಯ ಆಚೆಯಿಂದ ದನಿ ಬಂತು.

"ಮೂವತ್ತೆರಡು ಅಂದೆ ಲೇ!"

"ಮೂವತ್ತು!"

ನನಗೆ ಪಿತ್ತ ನೆತ್ತಿಗೇರಿತು. ಐದಾರು ಸಲ ಹೀಗೇ ಆಯಿತು. ನಾನು ಗಂಟಲು ಹರಿಯುವಂತೆ ಕಿರುಚಿದರೂ ಆ ದನಿ ಏರಲಿಲ್ಲ, ಇಳಿಯಲಿಲ್ಲ. ಹೋಗಿ ಎರಡು ಬಿಗಿಯೋಣ ಎಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಯಾರೋ, "ಯಾರಿಗ್ರಿ ಸರ ಬೈಯಾಕತ್ತೀರಿ?" ಎಂದರು.

ತಿರುಗಿದರೆ ಹುಲುಗಪ್ಪ. ಮುಂದಿನ ಗೇಟಿನ ಕಡೆಯಿಂದ ಊಟ ಮುಗಿಸಿ, ಒದ್ದೆ ಕೈ ಟವೆಲಿಗೆ ಒರೆಸಿಕೊಳ್ಳುತ್ತ ನಿಂತಿದ್ದ.

ಟೇಪು ನನ್ನ ಕೈಯಲ್ಲಿ ಇನ್ನೂ ಬಿಗಿಯಾಗಿಯೇ ಇತ್ತು. ನಾವಿಬ್ಬರೂ ನೋಡುತ್ತಿದ್ದಂತೆ ಮೆಲ್ಲಗೆ ಸಡಿಲಾಗಿ ನೆಲಕ್ಕೆ ಬಿತ್ತು. ಇಬ್ಬರೂ ಕಂಟಿ ಸುತ್ತಿ ಓಡಿದೆವು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಉಂಗುರ ಕಲ್ಲಿಗೆ ಒರಗಿಕೊಂಡಿತ್ತು.

ಆಗ ಆ ಉಂಗುರವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಟೇಪಿನ ಮೊದಲೆರಡು ಅಡಿ ಇರಲೇ ಇಲ್ಲ. ಎಂದೋ ಹರಿದಿದ್ದನ್ನು ಕತ್ತರಿಸಿ, ಎರಡರ ಗುರುತಿಗೆ ಉಂಗುರ ಹೊಲಿದಿದ್ದರು. ಬಂದ ಅಂಕಿಯಲ್ಲಿ ಎರಡು ಕಳೆದರೆ ಸರಿಯಾದ ಅಳತೆ. ಗೋಡೆ ಇದ್ದದ್ದು ಮೂವತ್ತಕ್ಕೇ!

"ಬೆಳಿಗ್ಗಿ ಯಾಕ ಹೇಳ್ಲಿಲ್ಲೋ?" ಎಂದೆ.

ಹುಲುಗಪ್ಪ ತಲೆ ತಗ್ಗಿಸಿದ. "ಯಾವಾಗ್ಲೂ ನಾನ ಎರಡು ಕಳದು ಕೂಗ್ತೀನ್ರಿ. ಇವತ್ತ ನೀವ ಅಂದಿದ್ರಲ್ರಿ, ನಾ ಅಂದಿದ್ದಷ್ಟ ತಿರುಗಿ ಅನ್ನು, ನಿನ್ನ ಶ್ಯಾಣ್ಯಾತನ ಬ್ಯಾಡ ಅಂತ. ಅಂಜಿಕ್ಯಾತು."

ಹೌದು, ಅಂದಿದ್ದೆ. ಎಲ್ಲರೆದುರಿಗೆ ಅಂದಿದ್ದೆ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅವನ ಮುಖ ನೋಡಲಾಗಲಿಲ್ಲ.

ಸುಣ್ಣದ ಗೆರೆಯನ್ನು ಕಾಲಿನಿಂದ ನಾನೇ ಅಳಿಸಿದೆ. ಜೆಸಿಬಿಯವನಿಗೆ ಫೋನ್ ಮಾಡಿ ಬರಬೇಡ ಎಂದೆ. ಸಂಜೆಯೊಳಗೆ ನಕ್ಷೆಯಲ್ಲಿ ಕಾಂಪೌಂಡನ್ನು ಎರಡು ಅಡಿ ಈಚೆಗೆ ತಂದು, ಗಾಡಿ ನಿಲ್ಲಿಸುವ ಜಾಗ ಕಿರಿದು ಮಾಡಿದೆ. ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಓಣಿಯಲ್ಲಿ ಹೋಗುವ ಯಾರೋ ತಮಾಷೆಗೆ ಹಿಡಿದಿರಬಹುದೆಂದರೆ, ಟೇಪು ಹರಿದ ಸಂಗತಿ ಅವರಿಗೆ ಹೇಗೆ ಗೊತ್ತು? ಬಿಸಿಲಿಗೆ ನನ್ನ ತಲೆ ತಿರುಗಿತ್ತೆಂದರೆ, ಸಡಿಲಾದ ಟೇಪನ್ನು ಹುಲುಗಪ್ಪನೂ ನೋಡಿದ್ದಾನೆ.

ಅವತ್ತು ನಕ್ಷೆ ಮುಗಿಸಿ ಗಂಗಮ್ಮನವರ ಮನೆಗೆ ಹೋಗಿ, ಗೋಡೆಗೆ ಏನೂ ಆಗುವುದಿಲ್ಲ, ತಪ್ಪು ನನ್ನದು ಎಂದೆ. ಅವರು ಕಣ್ಣೊರೆಸಿಕೊಂಡು, "ಕುಂದ್ರಿ, ಬಿಸಿ ರೊಟ್ಟಿ ಐತಿ," ಎಂದರು. ಮಧ್ಯಾಹ್ನ ಓಣಿಯಲ್ಲಿ ಯಾರಾದರೂ ನಿಂತಿದ್ದರೇ ಎಂದು ಕೇಳಿದೆ.

"ಯಾರ ಇದ್ರೋ ನಾ ನೋಡ್ಲಿಲ್ರಿ, ಒಲಿ ಮುಂದಿದ್ದೆ. ನಿಮ್ಮಿಬ್ಬರ ಜಗಳ ಮಾತ್ರ ಕೇಳಿಸ್ತಿತ್ತು. ನೀವು ಮೂವತ್ತೆರಡು ಅಂತೀರಿ, ಆ ಯಪ್ಪ ಮೂವತ್ತು ಅಂತಾನ. ಆ ಯಪ್ಪ ಸೋಲಬಾರ್ದು ಶಿವನೇ ಅಂತ, ರೊಟ್ಟಿ ಬಡಿಯಾದು ಬಿಟ್ಟು ಕೈ ಮುಗದು ಕುಂತಿದ್ದೆ."

ಹಾಗೆನ್ನುತ್ತ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.