ಅಮಾವಾಸ್ಯೆ ಬಿಲ್ಲಿನ ಸುಳ್ಳು

ಕೊಟ್ರೇಶ, ಅಂದು ಚನ್ನಬಸಣ್ಣನವರ ಅಂಗಡಿಯಲ್ಲಿ ನಾನು ತೋರಿಸಿದ್ದು ಸುಳ್ಳು. ಆ ಬಿಲ್ಲುಗಳನ್ನು ಕಂಪ್ಯೂಟರು ತಾನಾಗಿ ತಯಾರಿಸಿರಲಿಲ್ಲ. ಹಿಂದಿನ ದಿನವೆಲ್ಲ ಕೂತು ಒಂದೊಂದನ್ನೂ ನಾನೇ ಟೈಪು ಮಾಡಿಟ್ಟಿದ್ದೆ. ಎಲ್ಲರ ಮುಂದೆ ಒಂದು ಗುಂಡಿ ಒತ್ತಿದೆ, ಅಷ್ಟೆ. ಪ್ರಿಂಟರು ಕರಕರ ಅಂದಿತು, ಜನ ಬಾಯಿ ಬಿಟ್ಟುಕೊಂಡು ನೋಡಿದರು, ನೀನು ಸೋತೆ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಓದುವವನು ನೀನೊಬ್ಬನೇ ಆಗಬಾರದು. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಒಂದೇ ಬಸ್ಸಿನಲ್ಲಿ ಹೋಗಿ ನಾವಿಬ್ಬರೂ ಕಂಪ್ಯೂಟರ್ ಕಲಿತೆವು. ನನಗಿಂತ ಎರಡು ವರ್ಷ ಚಿಕ್ಕವನು ನೀನು, ಅಕ್ಕಾ ಎನ್ನುತ್ತಿದ್ದೆ. ಸೀಟು ಹಿಡಿಯಲು ಕಿಟಕಿಯಿಂದ ಟವಲ್ ಹಾಕುತ್ತಿದ್ದವನೂ ನೀನೇ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೆಂಟರ್ ತೆರೆದೆ, ನೀನು ಸ್ಟೇಷನ್ ರಸ್ತೆಯಲ್ಲಿ ಒಂದು. ಇಷ್ಟು ಸಣ್ಣ ಊರಿಗೆ ಎರಡು. ಅರ್ಜಿ ಟೈಪು ಮಾಡಿಕೊಂಡು ಎರಡೂ ಬದುಕುವುದು ಸಾಧ್ಯವಿರಲಿಲ್ಲ. ಇದು ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು — ಬಾಯಿ ಬಿಟ್ಟು ಯಾರೂ ಆಡಲಿಲ್ಲ.

ಆಗ ಬಂದದ್ದು ಚನ್ನಬಸಣ್ಣನವರ ಕೆಲಸ. ಗಿರಣಿಗಳ ಮೋಟರು ನೋಡಿಕೊಳ್ಳುವುದು ಅವರ ದಂಧೆ. ಹಡಗಲಿ, ಹೊಳಲು, ಕೊಟ್ಟೂರು, ಕೂಡ್ಲಿಗಿ — ಎಲ್ಲ ಕಡೆಯ ಗಿರಣಿಗಳಿಗೂ ಅವರ ಹುಡುಗರು ತಿಂಗಳಿಗೊಮ್ಮೆ ಹೋಗಿ ಎಣ್ಣೆ ಬಿಟ್ಟು, ಬೆಲ್ಟು ನೋಡಿ ಬರುತ್ತಿದ್ದರು. ತಿಂಗಳ ಬಿಲ್ಲು ಬರೆಯುವುದೇ ದೊಡ್ಡ ತಲೆನೋವು. ನಮ್ಮ ಕಡೆಯ ಗಿರಣಿಯವರ ತಿಂಗಳು ಕ್ಯಾಲೆಂಡರಿನ ತಿಂಗಳಲ್ಲವಲ್ಲ. ಅಮಾವಾಸ್ಯೆಗೆ ಗಿರಣಿ ನಿಲ್ಲಿಸಿ, ಮೋಟರಿಗೆ ಪೂಜೆ ಮಾಡಿ, ಮರುದಿನ ಪಾಡ್ಯಕ್ಕೆ ಎಲ್ಲರ ಬಾಕಿ ತೀರಿಸುವುದು ಅವರ ಪದ್ಧತಿ. ಬಿಲ್ಲು ಅವತ್ತು ಬೆಳಿಗ್ಗೆ ಕೈಯಲ್ಲಿರಬೇಕು. ಮೊದಲೇ ಬಂದರೆ ಮೊಳೆಗೆ ಸಿಕ್ಕಿಸಿ ಮರೆಯುತ್ತಾರೆ, ತಡವಾದರೆ ‘ಬರೋ ಅಮಾಸಿಗೆ ನೋಡೋಣು ತಡೀರಿ’ ಎನ್ನುತ್ತಾರೆ.

ಯಾರ ಕಂಪ್ಯೂಟರು ತಾನಾಗಿ ಬಿಲ್ಲು ಕೊಡುತ್ತದೋ ಅವರಿಗೆ ಕೆಲಸ ಎಂದು ಚನ್ನಬಸಣ್ಣ ನಮ್ಮಿಬ್ಬರಿಗೂ ಹೇಳಿ, ಎರಡು ವಾರ ಬಿಟ್ಟು ಅಂಗಡಿಗೆ ಕರೆಸಿದರು. ನೋಡಲಿಕ್ಕೆ ಕೇಬಲ್ ಟಿವಿಯವರು ಬಂದಿದ್ದರು, ಖಾನಾವಳಿಯ ನೀಲಮ್ಮನವರೂ ಬಂದಿದ್ದರು. ಅವರಿಗೂ ತಿಂಗಳ ಬಿಲ್ಲಿನದೇ ಗೋಳು. ಅವತ್ತು ಗೆದ್ದವರಿಗೆ ಊರೇ ಗಿರಾಕಿ.

ನೀನು ಮೊದಲು ಮಾತಾಡಿದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

“ಕಂಪ್ಯೂಟರಿಗೆ ಒಂದನೇ ತಾರೀಕು ತಿಳಿತೈತ್ರಿ, ಅಮಾಸಿ ತಿಳಿಯಂಗಿಲ್ಲ. ಅದನ್ನ ಕಲಿಸಬೇಕು. ನಾನೂ ಇನ್ನಾ ಕಲಿಯಾಕತ್ತೀನಿ. ಆರು ತಿಂಗಳು ಟೈಮ್ ಕೊಡ್ರಿ, ಮೊದಲ ಮೊದಲ ತಪ್ಪೂ ಆಗಬಹುದು.”

ಚನ್ನಬಸಣ್ಣ ನನ್ನ ಕಡೆ ತಿರುಗಿದರು. “ನಿಂದೇನವಾ ಮಂಗಳಾ?”

“ನನ್ನ ಕಂಪ್ಯೂಟರಿಗೆ ಅಮಾಸಿ ಆಗಲೇ ಗೊತ್ತೈತ್ರಿ” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ನಿಜ ಹೇಳಬೇಕೆಂದರೆ, ಅಮಾವಾಸ್ಯೆಯನ್ನು ಯಂತ್ರಕ್ಕೆ ಕಲಿಸಬೇಕೆಂಬ ವಿಚಾರವೇ ನನ್ನ ತಲೆಗೆ ಬಂದಿರಲಿಲ್ಲ. ಬರುವ ಪಾಡ್ಯದ ತಾರೀಕನ್ನು ಗೋಡೆಯ ಕ್ಯಾಲೆಂಡರು ನೋಡಿ ಕೈಯಾರೆ ಟೈಪು ಮಾಡಿದ್ದೆ, ಅಷ್ಟೆ. ನಿನ್ನ ಬಾಯಿಂದ ಬಿದ್ದ ಮಾತನ್ನು ಅಲ್ಲೇ ಎತ್ತಿಕೊಂಡು ನನ್ನದು ಮಾಡಿಕೊಂಡೆ. ಗುಂಡಿ ಒತ್ತಿದೆ. ಬಿಲ್ಲುಗಳು ಬಂದವು, ಒಂದೊಂದರ ಮೇಲೂ ಪಾಡ್ಯದ ತಾರೀಕು. ನೀಲಮ್ಮನವರು ದೇವರ ಮುಂದೆ ನಿಂತವರಂತೆ ಗಲ್ಲ ಗಲ್ಲ ಬಡಿದುಕೊಂಡರು.

ನೀನು ಹತ್ತಿರ ಬಂದು ಒಂದು ಬಿಲ್ಲನ್ನು ಕೈಗೆತ್ತಿಕೊಂಡು ನೋಡಿದೆ. ಸಂಶಯಪಡಲಿಲ್ಲ — ಪಟ್ಟಿದ್ದರೆ ಚೆನ್ನಾಗಿತ್ತು. “ಬರೇ ಎರಡು ವಾರದಾಗ ಮಾಡೀಯಲ್ಲ ಅಕ್ಕಾ” ಎಂದೆ. ನಿನ್ನ ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು ನನಗೆ.

ಮೂವರ ಕೆಲಸವೂ ನನಗೇ ಬಂತು. ಕೈ ಕೆಸರಾಗುವ ಮೊದಲೇ ನನ್ನ ಬಾಯಿಗೆ ಮೊಸರು. ಆದರೆ ಹುಲಿ ಹತ್ತಿ ಕೂತದ್ದಾಗಿತ್ತು, ಇಳಿಯುವಂತಿರಲಿಲ್ಲ. ಪ್ರತಿ ಅಮಾವಾಸ್ಯೆಯ ದಿನ ಸೆಂಟರಿನ ಬಾಗಿಲು ಅರ್ಧ ಹಾಕಿಕೊಂಡು ಎಲ್ಲ ಬಿಲ್ಲುಗಳನ್ನೂ ಹೊಸದಾಗಿ ಕುಟ್ಟಿದೆ. ಪಾಡ್ಯದ ಬೆಳಿಗ್ಗೆ ಬಸ್ಸುಗಳ ಡ್ರೈವರುಗಳ ಕೈಯಲ್ಲಿ ಕಟ್ಟುಕಟ್ಟಾಗಿ ಕಳಿಸಿದೆ. ಕಂಪ್ಯೂಟರಿನ ಚುರುಕುತನವನ್ನು ಊರು ಹೊಗಳಿತು. ನನ್ನ ಬೆರಳ ತುದಿಗಳು ಮರಗಟ್ಟಿದ್ದವು. ಆ ನಡುವೆ ನೀನು ಸೆಂಟರ್ ಮುಚ್ಚಿ ಹರಪನಹಳ್ಳಿಯ ದಲಾಲರೊಬ್ಬರ ಅಡತಿ ಅಂಗಡಿಯಲ್ಲಿ ಟೈಪಿಂಗಿಗೆ ಸೇರಿದೆ ಎಂಬ ಸುದ್ದಿ ಬಂತು. ಕೇಳಿಸಿಕೊಂಡೆ, ಮತ್ತೆ ಕುಟ್ಟತೊಡಗಿದೆ.

ಆದರೆ ಒಂದು ಮಾತು ಹೇಳಲೇಬೇಕು — ಇದು ಸಮರ್ಥನೆಯಲ್ಲ, ಸಂತೋಷ, ಮತ್ತು ಅದನ್ನು ಮುಚ್ಚಿಡಲಾರೆ. ನಾನು ಅದನ್ನು ಕೊನೆಗೆ ಮಾಡಿದೆ! ಹಠ ಹಿಡಿದು, ಪುಸ್ತಕ ಓದಿ, ಕೆಡಿಸಿ, ಮತ್ತೆ ಬರೆದು ಮಾಡಿದೆ. ಚಂದ್ರನ ಲೆಕ್ಕವನ್ನು ಯಂತ್ರಕ್ಕೆ ಕಲಿಸಲು ಹೋಗಿ ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಒಂದು ದಿನ ಹೊಳೆಯಿತು — ಕಲಿಸುವುದೇಕೆ, ಪಂಚಾಂಗದಲ್ಲಿ ಇದೆಯಲ್ಲ! ವರ್ಷದ ಅಮಾವಾಸ್ಯೆಗಳನ್ನೆಲ್ಲ ಒಂದೇ ಸಲ ಒಳಗೆ ಹಾಕಿಟ್ಟೆ. ಇವತ್ತಿನ ತಾರೀಕು ನೋಡಿ, ಮುಂದಿನ ಪಾಡ್ಯ ಯಾವುದೆಂದು ಹುಡುಕಿ, ಯಾವ ಗಿರಣಿಗೆ ಎಷ್ಟೆಂದು ತಾನೇ ತೆಗೆದುಕೊಳ್ಳುವ ಹಾಗೆ ಬರೆದೆ.

ಆ ಬೆಳಿಗ್ಗೆ ಒಂದು ಹೆಸರನ್ನೂ ಟೈಪು ಮಾಡದೆ ಗುಂಡಿ ಒತ್ತಿ ಕೈಕಟ್ಟಿ ನಿಂತೆ. ಹಡಗಲಿ ಬಂತು. ಹೊಳಲು ಬಂತು. ಕೂಡ್ಲಿಗಿಯ ಎಣ್ಣೆ ಗಿರಣಿ ಬಂತು. ಕಾಗದ ಸುರುಳಿ ಸುರುಳಿಯಾಗಿ ನೆಲಕ್ಕೆ ಇಳಿಯಿತು, ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಓಡಿಹೋಗಿ ಪೇಡೆ ತಂದು ಸಾಲಿನ ಅಂಗಡಿಗಳಿಗೆಲ್ಲ ಹಂಚಿದೆ.

“ಏನ್ ವಿಶೇಷ ಅಕ್ಕಾರ?” ಎಂದು ಪಕ್ಕದ ಸೈಕಲ್ ಅಂಗಡಿಯವರು ಕೇಳಿದರು.

ಏನು ಹೇಳಲಿ? ಊರಿನ ಪಾಲಿಗೆ ಅದು ಎಂದೋ ಆಗಿಹೋದ ಕೆಲಸ. “ಸುಮ್ನ ತಿನ್ರಿ” ಎಂದೆ. ನನ್ನ ಬಾಳಿನ ಅತಿ ದೊಡ್ಡ ಗೆಲುವನ್ನು ಯಾರಿಗೂ ಹೇಳುವಂತಿರಲಿಲ್ಲ. ಅದರ ಬೆಲೆ ತಿಳಿಯಬಲ್ಲವನು ಒಬ್ಬನೇ ಇದ್ದ, ಅವನನ್ನು ನಾನೇ ಊರು ಬಿಡಿಸಿದ್ದೆ. ಪೇಡೆಯ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಅತ್ತೆ, ಕೊಟ್ರೇಶ.

ಆಮೇಲೆ ಹಿಂದೆ ನೋಡಲಿಲ್ಲ. ಲಾಂಡ್ರಿ, ನೀರಿನ ಟ್ಯಾಂಕರು, ಸ್ಕೂಲ್ ಆಟೋ — ಐದು ತಾಲ್ಲೂಕಿನಲ್ಲಿ ತಿಂಗಳ ಬಿಲ್ಲೆಂದರೆ ನನ್ನದೇ. ಅಧಿಕ ಮಾಸ ಬಂದ ವರ್ಷ ಕಂಪ್ಯೂಟರು ತಪ್ಪದೆ ಹದಿಮೂರನೇ ಬಿಲ್ಲನ್ನೂ ಕೊಟ್ಟಿತು. ಗಿರಣಿಯವರು ಜಗಳಕ್ಕೆ ಬಂದರೆ ಚನ್ನಬಸಣ್ಣ, “ಪಂಚಾಂಗ ನಾ ಬರದಿಲ್ರಿ” ಎಂದು ಕೈ ಮುಗಿದು ಕಳಿಸಿದರು. ಅದನ್ನು ನೆನೆದರೆ ಈಗಲೂ ಹೆಮ್ಮೆ. ಆ ಹೆಮ್ಮೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಆದರೆ ಕಳೆದ ವರ್ಷ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಹೆಂಡತಿಗೆ ನನ್ನನ್ನು ತೋರಿಸಿ, “ನಮ್ಮ ಮಂಗಳಕ್ಕ, ಅಮಾಸಿ ಬಿಲ್ ಮಾಡಿದಾಕಿ” ಎಂದು ಹೆಚ್ಚುಗಾರಿಕೆಯಿಂದ ಹೇಳಿದೆ. ಪ್ರೋಗ್ರಾಮ್ ಬರೆಯುವುದು ಬಿಟ್ಟೆಯಾ ಎಂದು ನಾನು ಕೇಳಿದೆ.

“ನಮ್ಮ ತಲಿ ಅದಕ್ಕಲ್ಲ ಬಿಡಕ್ಕ. ನೀ ಎರಡು ವಾರದಾಗ ಮಾಡಿದ್ದಕ್ಕ ನಾ ಆರು ತಿಂಗಳು ಕೇಳಿದ್ದೆ. ಅವತ್ತ ತಿಳೀತು” ಎಂದು ನೀನು ನಕ್ಕೆ.

ಅಲ್ಲೇ ಹೇಳಬೇಕಿತ್ತು. ಬಸ್ಸು ಬಂತೆಂದು ಹತ್ತಿಬಿಟ್ಟೆ. ಅಂಗಡಿಯಲ್ಲಿ ಆಡಿದ ಸುಳ್ಳಿಗಿಂತ ಈ ಮೌನ ದೊಡ್ಡ ತಪ್ಪು. ನಿನ್ನ ಗಿರಾಕಿಗಳನ್ನು ಕಿತ್ತುಕೊಂಡೆನೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ನಿನ್ನ ತಲೆಯ ಮೇಲೆ ನಿನಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆನೆಂದು ಅಂದು ಕಿಟಕಿಯ ಪಕ್ಕ ಕೂತಾಗ ತಿಳಿಯಿತು.

ಆದ್ದರಿಂದ ಕೇಳು. ನನಗೆ ಎಂಟು ತಿಂಗಳು ಹಿಡಿಯಿತು. ನೀನು ಕೇಳಿದ್ದು ಆರು. ಬಹುಶಃ ನೀನು ಆರರಲ್ಲೇ ಮಾಡಿ ಮುಗಿಸುತ್ತಿದ್ದೆ — ದಡ್ಡತನದ ಮಾತಲ್ಲ ಅದು, ಬಲ್ಲವನ ಮಾತು.

ಬರುವ ಭಾನುವಾರ ವರ್ತಕರೆಲ್ಲ ಸೇರಿ ನನಗೆ ಶಾಲು ಹೊದಿಸುತ್ತಾರಂತೆ. ಚನ್ನಬಸಣ್ಣನವರು, ನೀಲಮ್ಮನವರು ಮುಂದಿನ ಸಾಲಿನಲ್ಲೇ ಇರುತ್ತಾರೆ. ಹೋಗುತ್ತೇನೆ. ಮೈಕಿನ ಮುಂದೆ ನಿಂತು, ಅಮಾವಾಸ್ಯೆಯ ವಿಚಾರ ಕೊಟ್ರೇಶನದು, ಅವತ್ತು ನಾನು ತೋರಿಸಿದ್ದು ಮೋಸ, ಎಂದು ಹೇಳುತ್ತೇನೆ. ಶಾಲು ಹೊದಿಸಿದ ಕೈಗಳೇ ಅದನ್ನು ತೆಗೆದರೆ ಮಡಚಿ ಕೊಟ್ಟು ಬರುತ್ತೇನೆ. ನಾಲ್ಕು ಜನರ ಎದುರು ನಿನ್ನಿಂದ ಕಿತ್ತುಕೊಂಡದ್ದನ್ನು ಮನೆಗೆ ಬಂದು ಗುಟ್ಟಾಗಿ ಕೊಡಲಾಗುವುದಿಲ್ಲ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಬಾ.